ಕಿಕ್ ಹೊಡೆಯುವ ಮುನ್ನ

ಓಡುವ ಎಂಜಿನ್ ಸವೆಯುತ್ತದೆ, ನಿಂತ ಎಂಜಿನ್ ಕೆಡುತ್ತದೆ. ಸವೆತಕ್ಕೊಂದು ಲೆಕ್ಕವಿದೆ. ಇಷ್ಟು ಸಾವಿರ ಕಿಲೋಮೀಟರಿಗೆ ರಿಂಗ್, ಇಷ್ಟಕ್ಕೆ ಚೈನು, ಇಷ್ಟಕ್ಕೆ ಬೋರಿಂಗ್ ಎಂದು ಮೆಕ್ಯಾನಿಕ್ ಬೆರಳು ಮಡಿಸಿ ಹೇಳಬಲ್ಲ. ಕೆಡುವುದಕ್ಕೆ ಅಂಥ ಲೆಕ್ಕ ಸಿಗುವುದಿಲ್ಲ. ಅದು ಮುಚ್ಚಿದ ಲೋಹದೊಳಗೆ, ಒಂದು ಮಳೆಗಾಲದಿಂದ ಇನ್ನೊಂದಕ್ಕೆ, ಯಾರ ಗಮನಕ್ಕೂ ಬಾರದೆ ನಡೆಯುತ್ತಿರುತ್ತದೆ.

ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳ ಹಿತ್ತಿಲಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಟರ್ಪಾಲು ಹೊದ್ದ ಒಂದು ಜಾವಾ ಅಥವಾ ಯೆಜ್ಡಿ ನಿಂತಿದೆ. ಅಪ್ಪನೋ ಚಿಕ್ಕಪ್ಪನೋ ಕಷ್ಟಪಟ್ಟು ಕೊಂಡ ಗಾಡಿ. ಮಾರಲು ಮನಸ್ಸಿಲ್ಲ, ಓಡಿಸಲು ಬಿಡುವಿಲ್ಲ. ಆಯುಧಪೂಜೆಯ ದಿನ ಮಾತ್ರ ಟರ್ಪಾಲು ಸರಿಸಿ, ಧೂಳು ಒರೆಸಿ, ಕುಂಕುಮವಿಟ್ಟು ಹೂ ಮುಡಿಸುತ್ತಾರೆ. ಹಬ್ಬ ಮುಗಿದ ಮೇಲೆ ಮತ್ತೆ ಟರ್ಪಾಲು. ಹೀಗೆ ಹತ್ತು, ಹದಿನೈದು ವರ್ಷ ಕಳೆಯುತ್ತದೆ. ಆಮೇಲೆ ಒಂದು ದಿನ ಊರಿಗೆ ಬಂದ ಮಗನಿಗೋ ಮೊಮ್ಮಗನಿಗೋ ಆಸೆ ಹುಟ್ಟುತ್ತದೆ: ಇದನ್ನು ಸ್ಟಾರ್ಟ್ ಮಾಡಿಯೇ ಬಿಡೋಣ. ಬಾಟಲಿಯಲ್ಲಿ ಪೆಟ್ರೋಲ್ ಬರುತ್ತದೆ, ಸುತ್ತ ಜನ ಸೇರುತ್ತಾರೆ, ಕಿಕ್ ಮೇಲೆ ಕಿಕ್ ಬೀಳುತ್ತದೆ.

ಆಪತ್ತು ಇರುವುದು ಅಲ್ಲೇ. ಹದಿನೈದು ವರ್ಷದ ಮಳೆ, ಗಾಳಿ, ಧೂಳು ಮಾಡದ ಹಾನಿಯನ್ನು ಆ ಅರ್ಧ ಗಂಟೆಯ ಹುರುಪು ಮಾಡಿಬಿಡುತ್ತದೆ. ನಿಂತ ಎಂಜಿನ್‌ಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ಎಬ್ಬಿಸುವ ದಿನದ ಆತುರದಲ್ಲಿ ಅವು ಸಾಯುತ್ತವೆ.

ಈ ಮಾತನ್ನು ಮೈಸೂರಿನ ಗಾಡಿಗಳನ್ನು ಮುಂದಿಟ್ಟುಕೊಂಡು ಹೇಳುವುದಕ್ಕೆ ಕಾರಣವಿದೆ. 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿ, ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯೊಂದಿಗೆ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಮೋಟಾರ್‌ಸೈಕಲ್ ತಯಾರಿಸತೊಡಗಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದ್ದರು. ಎಪ್ಪತ್ತರ ದಶಕದಲ್ಲಿ ಗಾಡಿಯ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇವತ್ತು ಉಳಿದಿರುವ ಹಳೆಯ ಯೆಜ್ಡಿಗಳಲ್ಲಿ ತೀರಾ ಕಿರಿಯದಕ್ಕೂ ಮೂವತ್ತರ ಆಸುಪಾಸು ವಯಸ್ಸು.

ಅವುಗಳ ಎಂಜಿನ್ ಮಾತ್ರ ಮನೆಯಂಗಳದಲ್ಲಿ ಬಿಚ್ಚಿ ಅರ್ಥ ಮಾಡಿಕೊಳ್ಳುವಷ್ಟು ಸರಳ. 248.5 ಸಿಸಿಯ ಒಂದೇ ಸಿಲಿಂಡರ್, ಅದರಿಂದ ಹೊರಡುವ ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಮುಖ್ಯವಾಗಿ ಅಲ್ಲಾಡುವ ಭಾಗಗಳು ಇಷ್ಟೇ. ಎಡಗಡೆ ಇರುವ ಒಂದೇ ಲಿವರ್ ಗೇರಿಗೂ ಆಗುತ್ತದೆ, ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕಿಗೂ ಆಗುತ್ತದೆ. ಬಿಚ್ಚಿ ಜೋಡಿಸಿಕೊಳ್ಳಲಿ ಎಂದೇ ಮಾಡಿದ ಯಂತ್ರ ಇದು.

ಇಂಥ ಎಂಜಿನ್ ವರ್ಷಗಟ್ಟಲೆ ನಿಂತರೆ ಒಳಗೆ ಏನಾಗುತ್ತದೆ?

ಮೊದಲು ಕೆಡುವುದು ಪೆಟ್ರೋಲ್. ಅದರಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶಗಳು ಹಾರಿಹೋಗಿ, ಉಳಿದದ್ದು ಕಾರ್ಬೊರೇಟರಿನ ತಳದಲ್ಲಿ ಹಳೆಯ ಬೆಲ್ಲದ ಪಾಕದಂತೆ ಕಂದಾಗಿ, ಅಂಟಾಗಿ ಹೆಪ್ಪುಗಟ್ಟುತ್ತದೆ. ಈಗಿನ ಪೆಟ್ರೋಲಿಗೆ ಶೇ 20ರವರೆಗೆ ಎಥೆನಾಲ್ ಸೇರಿರುವುದರಿಂದ ಇನ್ನೊಂದು ತೊಡಕು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಹುಕಾಲ ನಿಂತರೆ ಆ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳನ್ನೂ ಮೆತ್ತಗಾಗಿಸುತ್ತದೆ.

ಎರಡನೆಯದು ಸಿಲಿಂಡರ್. ಗಾಡಿ ನಿಲ್ಲಿಸಿದ ದಿನ ಪಿಸ್ಟನ್ ಎಲ್ಲಿ ನಿಂತಿತೋ ಅಲ್ಲೇ ಇರುತ್ತದೆ. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೋಗಲು, ಮಿಶ್ರಣ ಬರಲು ಕಿಂಡಿಗಳಿರುತ್ತವೆ. ಅವು ತೆರೆದಿದ್ದರೆ ಆಷಾಢದ ತೇವದ ಗಾಳಿ ಸೈಲೆನ್ಸರಿನ ಮೂಲಕ ನೇರವಾಗಿ ಒಳಗೆ ಬರುತ್ತದೆ. ಸಿಲಿಂಡರ್ ಬೀಡುಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ಎಣ್ಣೆಯ ಪೊರೆ ಒಣಗಿದ ಮೇಲೆ ರಿಂಗ್ ಮುಟ್ಟಿಕೊಂಡಿರುವ ಜಾಗದಲ್ಲಿ ತುಕ್ಕಿನ ಪಟ್ಟಿ ಏಳುತ್ತದೆ. ಅದೇ ಪಿಸ್ಟನ್ನನ್ನು ಹಿಡಿದು ನಿಲ್ಲಿಸುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಜಾಮ್’.

ಮೂರನೆಯದು ಹೊರಗಿನಿಂದ ಬರುವ ಒಕ್ಕಲು. ಸೈಲೆನ್ಸರಿನ ಬಾಯಲ್ಲಿ ಕಣಜದ ಮಣ್ಣುಗೂಡು, ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಮಾಡಿದ ಹತ್ತಿ, ಕಾಗದದ ಹಾಸಿಗೆ, ಕಡಿದ ವೈರು.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಸೋದರತ್ತೆಯ ಮನೆಯ ರೋಡ್‌ಕಿಂಗ್ ಎಬ್ಬಿಸುವ ಕೆಲಸದಲ್ಲಿ ನಾನೂ ಕೈಜೋಡಿಸಿದೆ. ಮಾವ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅತ್ತೆಯ ಮೊಮ್ಮಗ, ಪಿಯುಸಿ ಓದುವ ಹುಡುಗ, ಆಗಲೇ ಕಿಕ್ ಲಿವರ್ ಮೇಲೆ ಕಾಲಿಟ್ಟಿದ್ದ. ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆದಿದ್ದೆವು. ಬೈಕು ಜಾವಾ ಎನಿಸಿಕೊಂಡಿದ್ದ ಕಾಲದಿಂದ ಇದೇ ಎಂಜಿನ್ ಮೇಲೆ ಕೈ ಆಡಿಸಿದವರು. ಅವರು ಹುಡುಗನನ್ನು ನೋಡಿದವರೇ, “ಕಾಲು ತೆಗಿ ಮಗಾ. ಇವತ್ತು ಒದೆಯೋ ಕೆಲಸ ಇಲ್ಲ, ನೋಡೋ ಕೆಲಸ,” ಎಂದರು.

ನೋಡಿದ ರೀತಿ ಹೀಗೆ. ಮೊದಲು ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸಣ್ಣ ಟಾರ್ಚ್ ಹಿಡಿದು ಪಿಸ್ಟನ್ನಿನ ತಲೆ ನೋಡಿದರು. ಗೋಡೆಯ ಒಂದು ಮಗ್ಗುಲಲ್ಲಿ ಕೆಂಗಂದು ಬಣ್ಣ ಕಂಡಿತು. ಸೀಮೆಎಣ್ಣೆಗೆ ಟೂ ಸ್ಟ್ರೋಕ್ ಎಂಜಿನ್ನಿನ ಟೂಟಿ ಆಯಿಲ್ ಬೆರೆಸಿ, ಒಂದು ಸಿರಿಂಜಿನಿಂದ ಆ ತೂತಿನೊಳಗೆ ಬಿಟ್ಟು, ಮೇಲೆ ಬಟ್ಟೆ ತುರುಕಿದರು. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲನೆ ಒತ್ತಿ ನೋಡಿದರು. ಅಲ್ಲಾಡಲಿಲ್ಲ. “ಇರಲಿ, ಎಣ್ಣೆ ಇಳೀಲಿ,” ಎಂದು ಕೈ ಒರೆಸಿಕೊಂಡು ಹೊರಟೇಬಿಟ್ಟರು.

ಚಕ್ರದಿಂದಲೇ ಯಾಕೆ, ಕಿಕ್ ಯಾಕೆ ಬೇಡ ಎಂದು ಹುಡುಗ ಕೇಳಿದ್ದಕ್ಕೆ ಮರುದಿನ ಅವರು ಕೊಟ್ಟ ಉತ್ತರ ನೆನಪಿಡುವಂಥದ್ದು. ಟಾಪ್ ಗೇರಿನಲ್ಲಿ ಚಕ್ರ ತಿರುಗಿಸಿದರೆ ಬಲ ಹಿತವಾಗಿ ಹೋಗುತ್ತದೆ, ಎರಡು ದಿಕ್ಕಿಗೂ ಹೋಗುತ್ತದೆ, ಎಲ್ಲಿ ತಡೆಯುತ್ತಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಕಿಕ್ಕಿನಲ್ಲಿ ಇಡೀ ಮೈಭಾರ ಒಂದೇ ದಿಕ್ಕಿಗೆ ಬೀಳುತ್ತದೆ. ತುಕ್ಕು ಹಿಡಿದ ಕಡೆ ರಿಂಗ್ ಮುರಿಯುತ್ತದೆ, ಇಲ್ಲವೇ ಕಿಕ್ಕಿನ ಒಳಹಲ್ಲು ಕಿತ್ತುಹೋಗುತ್ತದೆ. “ಕಾಲಿಗೆ ಏನೂ ಗೊತ್ತಾಗಲ್ಲ ಮಗಾ, ಕೈಗೆ ಗೊತ್ತಾಗ್ತದೆ.”

ಆಮೇಲಿನ ಪ್ರತಿ ಸಂಜೆ ಇದೇ ಕೆಲಸ. ಸ್ವಲ್ಪ ಎಣ್ಣೆ, ಸ್ವಲ್ಪ ಒತ್ತು, ಮತ್ತೆ ಕಾಯುವುದು. ಅತ್ತೆ ಕಾಫಿ ಲೋಟ ಹಿಡಿದು ಬಂದು, “ಇವತ್ತೂ ಅಲ್ಲಾಡಲಿಲ್ವೇನಪ್ಪ? ಇಷ್ಟು ವರ್ಷ ಕಾದಿದೆ, ಇನ್ನೊಂದೆರಡು ದಿನ ಇರಲಿ ಬಿಡಿ,” ಎನ್ನುತ್ತಿದ್ದರು. ಒಂದು ಸಂಜೆ ಚಕ್ರ ಬೆರಳಗಲ ಸರಿಯಿತು. ಹುಡುಗ ಕೂಗಿಕೊಂಡ. ಆಗಲೂ ಮೆಕ್ಯಾನಿಕ್ ಜೋರು ಮಾಡಲಿಲ್ಲ. ಬಂದಷ್ಟೇ ದೂರ ವಾಪಸ್ ತಂದರು, ಮತ್ತೆ ಎಣ್ಣೆ ಬಿಟ್ಟರು, ಮತ್ತೆ ಸರಿಸಿದರು. ಕೊನೆಗೆ ಪಿಸ್ಟನ್ ಪೂರ್ತಿ ಮೇಲೆ ಬಂದು ಕೆಳಗಿಳಿಯಿತು.

ಸಡಿಲವಾಯಿತೆಂದು ಸ್ಟಾರ್ಟ್ ಮಾಡಲಿಲ್ಲ. ಹೆಡ್ ಬಿಚ್ಚಿ ಸಿಲಿಂಡರ್ ಎತ್ತಿದರು. ಇಲ್ಲೊಂದು ಸೂಕ್ಷ್ಮವಿದೆ. ಟೂ ಸ್ಟ್ರೋಕ್ ಪಿಸ್ಟನ್ನಿನಲ್ಲಿ ರಿಂಗಿನ ಎರಡು ತುದಿಗಳು ಸೇರುವ ಕಡೆ ಒಂದು ಪುಟ್ಟ ಪಿನ್ ಇರುತ್ತದೆ. ರಿಂಗ್ ತಿರುಗದಂತೆ, ಅದರ ತುದಿ ಗೋಡೆಯ ಕಿಂಡಿಗೆ ಸಿಕ್ಕಿಕೊಳ್ಳದಂತೆ ಅದು ಕಾಯುತ್ತದೆ. ಎತ್ತುವಾಗ ಬರುತ್ತಿಲ್ಲವೆಂದು ಸಿಲಿಂಡರನ್ನು ಅತ್ತಿತ್ತ ತಿರುಚಿದರೆ ಇದೇ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಅವರು ತಿರುಚಲಿಲ್ಲ. ಸುತ್ತಲೂ ಮರದ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ನೆಟ್ಟಗೆ ಮೇಲಕ್ಕೆ ಎತ್ತಿದರು. ಅರ್ಧ ಎತ್ತಿದ ಕೂಡಲೇ ಹುಡುಗನಿಗೆ ಹೇಳಿ ಕ್ರ್ಯಾಂಕಿನ ಬಾಯಿಗೆ ಶುಭ್ರವಾದ ಹತ್ತಿಬಟ್ಟೆ ತುಂಬಿಸಿದರು. ಮುರಿದ ಚೂರಾಗಲಿ, ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಆಗಲಿ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಸಿಲಿಂಡರಿನ ಒಳಮೈಯಲ್ಲಿ ಉಗುರು ಆಡಿಸಿ, “ಉಗುರಿಗೆ ಸಿಕ್ಕೋ ಗೆರೆ ಇದ್ರೆ ಬೋರಿಂಗ್ ಮಾಡಿಸ್ಬೇಕು. ಸಿಕ್ಕದಿದ್ರೆ ಉಜ್ಜಿದ್ರೆ ಸಾಕು,” ಎಂದರು. ಹುಡುಗನೂ ತನ್ನ ಉಗುರು ಆಡಿಸಿದ. ಒಂದು ಕಡೆ ಸಿಕ್ಕಿತು. ಸಿಲಿಂಡರ್ ಲೇತಿನವರ ಬಳಿಗೆ ಹೋಯಿತು, ಓವರ್‌ಸೈಜ್ ಪಿಸ್ಟನ್ ಬಂತು.

ಮಿಕ್ಕ ಕೆಲಸಗಳು ಯಾವ ಮನೆಯಲ್ಲಾದರೂ ಆಗುವಂಥವು. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಬಯಲಲ್ಲಿ, ಬೆಂಕಿಯಿಂದ ದೂರ ಇಳಿಸಬೇಕು. ನಿಂಬೆ ಉಪ್ಪು ಕರಗಿಸಿದ ನೀರು ತುಂಬಿಸಿಟ್ಟರೆ ಒಳಗಿನ ತುಕ್ಕು ಬಿಡುತ್ತದೆ. ಆಮೇಲೆ ಅಡುಗೆ ಸೋಡದ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಪಾಯಿಂಟಿನ ಮೇಲೆ ಕೂತ ಕಪ್ಪನ್ನು ನಯವಾದ ಉಪ್ಪುಕಾಗದದಲ್ಲಿ ತೆಗೆದು, ಸುಮಾರು 0.4 ಮಿಲಿಮೀಟರ್ ಗ್ಯಾಪ್ ಇಟ್ಟು, ಕಿಡಿ ಬರುತ್ತದೆಯೇ ನೋಡಬೇಕು. ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ ಎಂದರ್ಥ.

ಕಾರ್ಬೊರೇಟರಿನಲ್ಲಿ ಮಾತ್ರ ಕೈ ಹಗುರವಾಗಿರಬೇಕು. ಪೈಲಟ್ ಜೆಟ್ ಎಂಬ ಹಿತ್ತಾಳೆಯ ಬಿಡಿಭಾಗದ ತೂತು ಕೂದಲೆಳೆಯಷ್ಟು ಸಣ್ಣದು. ಬೆಳಕಿಗೆ ಹಿಡಿದರೆ ಚುಕ್ಕಿಯಷ್ಟು ಬೆಳಕು ಕಾಣಬೇಕು. ಕಾಣದಿದ್ದರೆ ಅಂಟು ಕಟ್ಟಿದೆ, ಕಿಲುಬು ಕೂತಿದೆ. ಉಕ್ಕಿನ ತಂತಿ ತೂರಿಸಿದರೆ ತೂತು ಹಿಗ್ಗುತ್ತದೆ, ಪೆಟ್ರೋಲಿನ ಅಳತೆ ಶಾಶ್ವತವಾಗಿ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಹೊಡೆದು, ಆಗದಿದ್ದರೆ ನೈಲಾನ್ ಎಳೆಯಿಂದ ಬಿಡಿಸಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಆಯಿಲ್ ಸೀಲ್. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರುವ ಕೋಣೆಯೇ ಪಂಪು. ಪಿಸ್ಟನ್ ಮೇಲೇರುವಾಗ ಅದು ಗಾಳಿ, ಪೆಟ್ರೋಲ್, ಎಣ್ಣೆಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ, ಇಳಿಯುವಾಗ ಮೇಲಕ್ಕೆ ತಳ್ಳುತ್ತದೆ. ಆ ಕೋಣೆಯ ಎರಡು ಮಗ್ಗುಲಲ್ಲೂ ಕ್ರ್ಯಾಂಕಿನ ಸುತ್ತ ರಬ್ಬರಿನ ಸೀಲ್ ಇವೆ. ವರ್ಷಗಟ್ಟಲೆ ನಿಂತರೆ ಅವು ಗಟ್ಟಿಯಾಗಿ ಬಿರಿಯುತ್ತವೆ. ಗೇರುಬಾಕ್ಸಿನ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಇನ್ನೊಂದು ಕಡೆಯದು ಹೋದರೆ ಬರೀ ಗಾಳಿ ಒಳಸೇರುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ಮಿಶ್ರಣದಲ್ಲಿ ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಈ ಎಂಜಿನ್ನಿಗೆ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ, ಲೀಟರಿಗೆ 30ರಿಂದ 40 ಮಿಲಿಲೀಟರಿನಂತೆ ಬೆರೆತು. ಆದ್ದರಿಂದ ಪೆಟ್ರೋಲ್ ಕಡಿಮೆಯಾದಾಗ ಎಣ್ಣೆಯೂ ಕಡಿಮೆಯಾಗುತ್ತದೆ. ಶಾಖ ಏರುವ ಹೊತ್ತಿಗೇ ಜಿಡ್ಡು ಇಳಿಯುತ್ತದೆ. ಮೊದಲ ದಿನ ಚೆನ್ನಾಗಿ ಓಡಿದ ಗಾಡಿ ವಾರದೊಳಗೆ ಹೆದ್ದಾರಿಯಲ್ಲಿ ಸೀಜ್ ಆಗಿ ನಿಲ್ಲುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಗ್ಗದ ಎರಡು ಸೀಲ್ ಮೊದಲೇ ಬದಲಾಯಿಸಿದ್ದರೆ ಹೊಸ ಪಿಸ್ಟನ್ ಉಳಿಯುತ್ತಿತ್ತು.

ಸ್ಟಾರ್ಟ್ ಮಾಡುವುದು ಬಯಲಲ್ಲೇ ಆಗಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನಿನ ಹೊಗೆ ಪ್ರಾಣಕ್ಕೇ ಅಪಾಯ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ. ಮೊದಲು ಬರುವ ದಟ್ಟ ಹೊಗೆ ನಾವೇ ಬಿಟ್ಟ ಎಣ್ಣೆಯದು, ಹೆದರಬೇಕಿಲ್ಲ. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿಯಬೇಕು. ರಸ್ತೆಗಿಳಿಸುವ ಮುನ್ನ ಬಿರುಕು ಬಿಟ್ಟ ಟೈರು, ಹಿಡಿತ ಕಳೆದುಕೊಂಡ ಬ್ರೇಕ್ ಶೂ ಬದಲಾಗಲೇಬೇಕು. ಎಂಜಿನ್ ಎದ್ದಿತೆಂಬ ಸಂತೋಷದಲ್ಲಿ ನಿಲ್ಲಿಸುವ ವ್ಯವಸ್ಥೆಯನ್ನು ಮರೆಯಬಾರದು. ಕಾಗದಪತ್ರವೂ ಅಷ್ಟೇ ಮುಖ್ಯ. ಸ್ವಂತ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 50 ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿಯ ಅವಕಾಶವೂ ಇದೆ.

ಅತ್ತೆಯ ಮನೆಯ ಅಂಗಳದಲ್ಲಿ ಆ ರೋಡ್‌ಕಿಂಗ್ ಹೊತ್ತಿಕೊಂಡಾಗ ನೆರೆಹೊರೆಯವರೆಲ್ಲ ಬಂದರು. ಎಲ್ಲರಿಗೂ ಸಂತೋಷವಾಯಿತು. ನನಗೆ ಹೆಚ್ಚಿನ ಸಂತೋಷ ಕೊಟ್ಟದ್ದು ಬೇರೆ. ಆ ಹುಡುಗ ಈಗ ಕಿಕ್ ಲಿವರಿನ ಮೇಲೆ ಕಾಲಿಡುವ ಮೊದಲು ಪೆಟ್ರೋಲ್ ಕಾಕ್ ನೋಡುತ್ತಾನೆ, ಚಕ್ರ ಸರಿಸಿ ನೋಡುತ್ತಾನೆ, ಕಿವಿ ಕೊಡುತ್ತಾನೆ. ರಿಂಗಿನ ಪಿನ್ ಯಾಕಿದೆ ಎಂದು ತನ್ನ ಗೆಳೆಯರಿಗೆ ವಿವರಿಸುತ್ತಾನೆ.

ಹಳೆಯ ವಸ್ತುಗಳ ಮೇಲೆ ನಮಗೆ ಪ್ರೀತಿ ಕಡಿಮೆಯಿಲ್ಲ. ಪ್ರೀತಿಯಿದ್ದುದರಿಂದಲೇ ಆ ಗಾಡಿಗಳು ಗುಜರಿಗೆ ಹೋಗದೆ ಉಳಿದವು. ಆದರೆ ಅದೇ ಪ್ರೀತಿ ಅವನ್ನು ಟರ್ಪಾಲಿನ ಕೆಳಗೆ ತುಕ್ಕು ಹಿಡಿಯಲೂ ಬಿಟ್ಟಿತು, ಎಬ್ಬಿಸುವ ದಿನ ಒದ್ದು ಮುರಿಯುವುದಕ್ಕೂ ಮುಂದಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ. ಪ್ರೀತಿಯ ಜೊತೆಗೆ ತಿಳಿವಳಿಕೆ ಬೇಕು. ವಸ್ತು ಯಾತರಿಂದ ಆಗಿದೆ, ಎಲ್ಲಿ ಗಟ್ಟಿ, ಎಲ್ಲಿ ಮೆದು, ಯಾವುದಕ್ಕೆ ಎಷ್ಟು ಬಲ ಸಾಕು ಎಂದು ಬಲ್ಲ ಕೈಯ ಪ್ರೀತಿಯೇ ಅದನ್ನು ಉಳಿಸಬಲ್ಲದು. ಪೂಜೆಗೆ ಹೂ ಏರಿಸುವ ಕೈ ವರ್ಷಕ್ಕೆ ನಾಲ್ಕು ಸಲ ಚಕ್ರವನ್ನೂ ತಿರುಗಿಸಿ, ಪ್ಲಗ್ ತೂತಿಗೆ ನಾಲ್ಕು ಹನಿ ಎಣ್ಣೆಯನ್ನೂ ಬಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ.

ಯಾದವಗಿರಿಯ ಕಾರ್ಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಅಲ್ಲಿ ಹುಟ್ಟಿದ ಗಾಡಿಗಳು ಇನ್ನೂ ಓಡುತ್ತಿವೆ. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಅವು ಸಾಲುಗಟ್ಟಿ ಬೀದಿಗೆ ಬರುತ್ತವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು, ಬೇರೆ ಎಂಜಿನ್. ಹಳೆಯವನ್ನು ಇಷ್ಟು ಕಾಲ ಓಡಿಸಿಕೊಂಡು ಬಂದದ್ದು ಸಣ್ಣ ಊರುಗಳ ಗ್ಯಾರೇಜಿನವರು, ಲೇತಿನವರು, ಬಿಡಿಭಾಗ ಹುಡುಕಿ ಕೊಡುವ ಅಂಗಡಿಯವರು. ಅವರ ವಿದ್ಯೆ ಬಹುಪಾಲು ಎಲ್ಲೂ ಬರೆದಿಟ್ಟದ್ದಲ್ಲ. ಬೆರಳು, ಉಗುರು, ಕಿವಿಗಳಲ್ಲಿ ಇರುವಂಥದ್ದು. ಅದನ್ನು ಪಕ್ಕದಲ್ಲಿ ಕೂತೇ ಕಲಿಯಬೇಕು. ಆ ಪೀಳಿಗೆಗೆ ಈಗ ವಯಸ್ಸಾಗಿದೆ. ಬಿಚ್ಚಿದರೆ ಕೆಡುತ್ತದೆ ಎಂದು ಅಂಟು ಹಾಕಿ ಮುಚ್ಚಿದ ಸಾಮಾನುಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ, ಬಿಚ್ಚಿ ನೋಡಬಹುದಾದ ಒಂದು ಯಂತ್ರ ಮನೆಯಲ್ಲೇ ಇರುವುದು ದೊಡ್ಡ ಭಾಗ್ಯ.

ಆದ್ದರಿಂದ ನಿಮ್ಮ ಹಿತ್ತಿಲಲ್ಲೂ ಅಂಥದೊಂದು ಗಾಡಿ ಇದ್ದರೆ, ಈ ಭಾನುವಾರ ಪೆಟ್ರೋಲ್ ತರಲು ಹೋಗಬೇಡಿ. ಊರಿನ ಹಳೆಯ ಮೆಕ್ಯಾನಿಕ್ ಯಾರೆಂದು ವಿಚಾರಿಸಿ, ಮನೆಗೆ ಕರೆಯಿರಿ. ಅವರ ದಿನದ ಕೂಲಿಯನ್ನು ಗೌರವದಿಂದ ಕೊಡಿ, ಕಲಿಸಿದ್ದಕ್ಕೂ ಸೇರಿಸಿ ಕೊಡಿ. ಮನೆಯ ಹುಡುಗ ಹುಡುಗಿಯರ ಕೈಗೆ ಟಾರ್ಚ್, ಸ್ಪ್ಯಾನರ್ ಕೊಟ್ಟು ಪಕ್ಕದಲ್ಲಿ ಕೂರಿಸಿ. ಗಾಡಿ ಎದ್ದೇಳಲು ವಾರವಾಗಲಿ, ತಿಂಗಳಾಗಲಿ. ಆ ದಿನಗಳಲ್ಲಿ ಮಕ್ಕಳ ಕೈ ಕಲಿತದ್ದು ಗಾಡಿ ಸವೆದುಹೋದ ಮೇಲೂ ಅವರ ಜೊತೆಗಿರುತ್ತದೆ, ಮುಂದೆ ಅವರು ಯಾವ ಕೆಲಸಕ್ಕೆ ಕೈ ಹಾಕಿದರೂ ನೆರವಿಗೆ ಬರುತ್ತದೆ.